ಒಂದು ತಾಲ್ಲೂಕಿನ ರಕ್ತಹೀನತೆಗೆ ಹಣ ಕೇಳುವುದು ಹೇಗೆ

ಮೊದಲ ಸಲ ಪ್ರಪೋಸಲ್ ಬರೆಯಲು ಕೂತವರು ಸಾಮಾನ್ಯವಾಗಿ “ಆರೋಗ್ಯವೇ ಭಾಗ್ಯ” ಎಂದು ಶುರು ಮಾಡುತ್ತಾರೆ. ಎರಡನೆಯ ವಾಕ್ಯದಲ್ಲಿ ಭಾರತ ಹಳ್ಳಿಗಳ ದೇಶವಾಗುತ್ತದೆ. ಮೂರನೆಯದರಲ್ಲಿ ಗ್ರಾಮೀಣ ಮಹಿಳೆಯರೂ ಮಕ್ಕಳೂ ಹಿಂದುಳಿದಿರುತ್ತಾರೆ. ಯಾವುದೂ ಸುಳ್ಳಲ್ಲ. ಆದರೆ ದಾನಿ ಸಂಸ್ಥೆಯ ಕಚೇರಿಯಲ್ಲಿ ಕೂತು ಓದುವವರು ಆ ವಾರ ಇಂಥ ಪೀಠಿಕೆಗಳನ್ನು ಬೇಕಾದಷ್ಟು ಓದಿರುತ್ತಾರೆ. ಯಾವ ಊರಲ್ಲಿ, ಯಾರಿಗೆ, ಏನು ಮಾಡುತ್ತೀರಿ, ಅದು ಆಯಿತೆಂದು ಹೇಗೆ ಗೊತ್ತಾಗುತ್ತದೆ ಎಂಬುದನ್ನಷ್ಟೇ ಅವರು ಹುಡುಕುತ್ತಿರುತ್ತಾರೆ. ಹಾಗಾಗಿ ಮೊದಲ ಮೂರು ವಾಕ್ಯಗಳನ್ನು ಹೊಡೆದುಹಾಕಿ. ನಾಲ್ಕನೆಯದರಿಂದ ನಮ್ಮ ಪಾಠ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಉದಾಹರಣೆ ಹಿಡಿದುಕೊಳ್ಳೋಣ. ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕು. ಅಲ್ಲಿ ನಿಮ್ಮದೊಂದು ಸಣ್ಣ ಟ್ರಸ್ಟ್ ಇದೆ ಎಂದುಕೊಳ್ಳಿ: ನಾಲ್ಕೈದು ಜನ, ಬಾಡಿಗೆಯ ಒಂದು ಕೋಣೆ, ಎರಡು ಬೈಕು. ಹೆಣ್ಣುಮಕ್ಕಳ ರಕ್ತಹೀನತೆಯ ಬಗ್ಗೆ ಏನಾದರೂ ಮಾಡಬೇಕೆಂಬ ಆಸೆ ನಿಮಗಿದೆ. “ಹಣ ಯಾರು ಕೊಡುತ್ತಾರೆ ಸಾರ್?” ಎಂಬುದು ನಿಮ್ಮ ಮೊದಲ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ. ಯಾರನ್ನು ಕೇಳಬೇಕು ಎಂಬುದು ಏನು ಕೇಳುತ್ತೇವೆ ಎಂಬುದರ ಮೇಲೆ ನಿಂತಿದೆ.

ಮೊದಲು ಸಮಸ್ಯೆಯನ್ನು ಚಿಕ್ಕದು ಮಾಡಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019–21ರಲ್ಲಿ ನಡೆಯಿತು. ಅದರಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು. 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 65.5. ಅದರ ಹಿಂದಿನ ಸುತ್ತಿನಲ್ಲಿ ಇವು ಕ್ರಮವಾಗಿ ಶೇ 44.8 ಮತ್ತು ಶೇ 60.9 ಇದ್ದವು. ಅಂದರೆ ಇಷ್ಟೆಲ್ಲ ಕಬ್ಬಿಣದ ಮಾತ್ರೆ ಹಂಚಿದರೂ ಪರಿಸ್ಥಿತಿ ಸುಧಾರಿಸಲಿಲ್ಲ. ಈ ಅಂಕಿಯನ್ನು ಪ್ರಪೋಸಲ್‌ನಲ್ಲಿ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿ, ಏಕೆಂದರೆ ಇದು ರಾಜ್ಯದ ಕಥೆ. ಆ ಸಮೀಕ್ಷೆ ಜಿಲ್ಲೆಯವರೆಗೆ ಇಳಿಯುತ್ತದೆ, ಪ್ರತಿ ಜಿಲ್ಲೆಗೂ ಒಂದು ಅಂಕಿಅಂಶ ಪತ್ರಿಕೆ ಸಿಗುತ್ತದೆ. ತಾಲ್ಲೂಕಿಗೆ ಅದು ಇಳಿಯುವುದಿಲ್ಲ.

ತಾಲ್ಲೂಕಿನ ಬಗ್ಗೆ ಹೇಳಲು ನಂಜುಂಡಪ್ಪ ಸಮಿತಿಯ ವರದಿ ಇದೆ. 2002ರಲ್ಲಿ ಬಂದ ಆ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು ಎಂದಿತು. ದೇವದುರ್ಗ ಆ 39ರಲ್ಲಿದೆ. ಇದನ್ನೂ ಒಂದು ಸಾಲಿನಲ್ಲಿ ಹೇಳಿ. “ಈ ತಾಲ್ಲೂಕೇ ಏಕೆ?” ಎಂಬ ಪ್ರಶ್ನೆಗೆ ಅಷ್ಟು ಸಾಕು. ಎರಡು ದಶಕ ಹಳೆಯ ವರದಿಯನ್ನು ಎರಡು ಪುಟ ಎಳೆದರೆ ನೀವು ಊರಿಗೆ ಹೋಗಿಲ್ಲ, ಗ್ರಂಥಾಲಯಕ್ಕೆ ಹೋಗಿದ್ದೀರಿ ಎಂದು ಓದುವವರಿಗೆ ಅನ್ನಿಸುತ್ತದೆ.

ಊರಿಗೆ ಹೋಗುವುದು ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಂಗನವಾಡಿಗೆ, ಆಶಾ ಕಾರ್ಯಕರ್ತೆಯ ಮನೆಗೆ ಹೋಗುವುದು. ಸರ್ಕಾರ ಈಗಾಗಲೇ ಏನು ಮಾಡುತ್ತಿದೆ ಎಂದು ತಿಳಿಯದೆ ಬರೆದ ಪ್ರಪೋಸಲ್ ಹೆಚ್ಚಾಗಿ ಅಲ್ಲೇ ಬಿದ್ದುಹೋಗುತ್ತದೆ. 2018ರಿಂದ ರಕ್ತಹೀನತೆ ಮುಕ್ತ ಭಾರತ ಎಂಬ ಕಾರ್ಯಕ್ರಮ ನಡೆಯುತ್ತಿದೆ. ಅದರಲ್ಲಿ ಹೈಸ್ಕೂಲು ಹುಡುಗ ಹುಡುಗಿಯರಿಗೆ ವಾರಕ್ಕೊಂದು ನೀಲಿ ಮಾತ್ರೆ, 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಗರ್ಭಿಣಿಯರಿಗೆ ದಿನಕ್ಕೊಂದರಂತೆ ಆರು ತಿಂಗಳು ಕೆಂಪು ಮಾತ್ರೆ. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ. ಇಷ್ಟು ಇರುವಾಗ “ನಾವು ಮಾತ್ರೆ ಹಂಚುತ್ತೇವೆ” ಎಂದು ಬರೆದರೆ ಯಾರು ಹಣ ಕೊಡುತ್ತಾರೆ?

ಆದರೆ ಆಶಾ ಕಾರ್ಯಕರ್ತೆಯ ಜೊತೆ ಒಂದು ಮಧ್ಯಾಹ್ನ ಕೂತು ಮಾತಾಡಿದರೆ ಬೇರೆ ಚಿತ್ರ ಬರುತ್ತದೆ. ಶಾಲೆಯ ಹುಡುಗಿಯರಿಗೆ ಮಾಸ್ತರರ ಎದುರಿಗೇ ಮಾತ್ರೆ ನುಂಗಿಸುತ್ತಾರೆ. ಶಾಲೆ ಬಿಟ್ಟವರಿಗೆ ಅಂಗನವಾಡಿಯಲ್ಲಿ ಸಿಗಬೇಕು, ಆದರೆ ಬೆಳಗ್ಗೆ ಅಂಗನವಾಡಿ ತೆರೆಯುವ ಹೊತ್ತಿಗೆ ಆ ಹುಡುಗಿ ಹತ್ತಿ ಬಿಡಿಸಲು ಹೊಲದಲ್ಲಿರುತ್ತಾಳೆ. ಮಾತ್ರೆ ಮನೆಗೆ ತಲುಪಿದರೂ ತಿಂದ ಮೇಲೆ ಹೊಟ್ಟೆ ತೊಳೆಸುತ್ತದೆ, ಮಲ ಕಪ್ಪಾಗುತ್ತದೆ, ಹೆದರಿ ಬಿಟ್ಟುಬಿಡುತ್ತಾಳೆ. ಮಾತ್ರೆಯ ಹಿಂದೆಯೇ ಚಹಾ ಕುಡಿಯುತ್ತಾಳೆ, ಅದು ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ ಎಂದು ಯಾರೂ ಹೇಳಿಲ್ಲ. ಈಗ ನಿಮ್ಮ ಸಮಸ್ಯೆ ಸಿಕ್ಕಿತು. “ದೇವದುರ್ಗ ತಾಲ್ಲೂಕಿನ ಮಹಿಳೆಯರ ರಕ್ತಹೀನತೆ” ಎಂಬ ದೊಡ್ಡ ಮಾತು ಹೋಯಿತು. “ಎರಡು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯ 20 ಹಳ್ಳಿಗಳಲ್ಲಿ, ಶಾಲೆ ಬಿಟ್ಟ 15ರಿಂದ 19 ವಯಸ್ಸಿನ ಹುಡುಗಿಯರಿಗೆ ಸರ್ಕಾರದ ಮಾತ್ರೆ ತಲುಪುತ್ತಿಲ್ಲ, ತಲುಪಿದ್ದು ಹೊಟ್ಟೆಗೆ ಹೋಗುತ್ತಿಲ್ಲ” ಎಂಬ ಸಣ್ಣ ಮಾತು ಬಂತು. ಆ ಹಳ್ಳಿಗಳಲ್ಲಿ ಇಂಥ ಹುಡುಗಿಯರು ಎಷ್ಟಿದ್ದಾರೆ ಎಂದು ಮನೆಮನೆ ಎಣಿಸಿ. ಆ ಎಣಿಕೆ ನಿಮ್ಮ ಪ್ರಪೋಸಲ್‌ನ ಅತ್ಯಂತ ಬೆಲೆಬಾಳುವ ಪುಟ, ಬೇರೆ ಯಾರ ಬಳಿಯೂ ಇಲ್ಲದ್ದು.

ಇಷ್ಟು ಚಿಕ್ಕದು ಮಾಡಿದರೆ ದಾನಿಗಳು ನಮ್ಮನ್ನೇ ಚಿಕ್ಕವರೆಂದುಕೊಳ್ಳುವುದಿಲ್ಲವೇ ಎಂಬ ಅಳುಕು ಹೊಸಬರಲ್ಲಿ ಇರುತ್ತದೆ. ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 1986ರಲ್ಲಿ ಹುಟ್ಟಿದ್ದು ಯಳಂದೂರು ತಾಲ್ಲೂಕಿನ ಕುಷ್ಠರೋಗದ ಕೆಲಸಕ್ಕಾಗಿ. ಒಂದು ತಾಲ್ಲೂಕು, ಒಂದು ರೋಗ. ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ ಅವರಿಗೆ ವಹಿಸಿದ್ದು ಹತ್ತು ವರ್ಷದ ನಂತರ, 1996ರಲ್ಲಿ. ಬೇರೆ ಕೇಂದ್ರಗಳು, ಬೇರೆ ರಾಜ್ಯಗಳು ಬಂದದ್ದು ಅದಕ್ಕೂ ಆಮೇಲೆ. ಮೊದಲ ವರ್ಷವೇ “ಇಡೀ ಕಲ್ಯಾಣ ಕರ್ನಾಟಕದ ಆರೋಗ್ಯ” ಎಂದು ಬರೆಯುವವರಿಗೆ ಇದನ್ನು ನೆನಪಿಸುತ್ತೇನೆ.

ಇನ್ನು ಅಳತೆ. ಹೊಸಬರು ಹೆಚ್ಚು ಎಡವುವುದು ಇಲ್ಲೇ ಆದ್ದರಿಂದ ಸ್ವಲ್ಪ ನಿಧಾನಿಸುತ್ತೇನೆ.

“500 ಹುಡುಗಿಯರಿಗೆ ಜಾಗೃತಿ ಮೂಡಿಸಲಾಗುವುದು” ಎಂದು ಬರೆಯಬೇಡಿ. ಜಾಗೃತಿಯನ್ನು ಅಳೆಯುವ ಯಂತ್ರ ಇಲ್ಲ. ಹಿಮೋಗ್ಲೋಬಿನ್ ಅಳೆಯುವ ಯಂತ್ರ ಇದೆ: ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ಪಟ್ಟಿಗೆ ಹಾಕಿದರೆ ಸಂಖ್ಯೆ ತೋರಿಸುತ್ತದೆ. ಗರ್ಭಿಣಿಯಲ್ಲದ, 15 ದಾಟಿದ ಹೆಣ್ಣುಮಕ್ಕಳಿಗೆ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಗರ್ಭಿಣಿಯರಿಗೆ ಆ ಗಡಿ 11. ಕಾರ್ಯಕ್ರಮದ ಆರಂಭದಲ್ಲಿ ಒಮ್ಮೆ, ಆರು ತಿಂಗಳಿಗೆ ಒಮ್ಮೆ, ಕೊನೆಯಲ್ಲಿ ಒಮ್ಮೆ ಅಳೆಯಿರಿ. ಮೂರು ಸಲವೂ ಅದೇ ಬಗೆಯ ಯಂತ್ರ, ಅದೇ ವಿಧಾನ ಇರಲಿ. ಮೊದಲು ಬೆರಳ ರಕ್ತ, ಕೊನೆಗೆ ಆಸ್ಪತ್ರೆಯ ಲ್ಯಾಬಿನಲ್ಲಿ ನರದ ರಕ್ತ ಎಂದರೆ ಎರಡು ಸಂಖ್ಯೆಗಳನ್ನು ಹೋಲಿಸಲು ಬರುವುದಿಲ್ಲ. ಇದರ ಜೊತೆಗೆ ಇನ್ನೊಂದು ಅಳತೆ ಬೇಕು, ತೀರಾ ಸರಳವಾದದ್ದು: ಕಳೆದ ನಾಲ್ಕು ವಾರದಲ್ಲಿ ಎಷ್ಟು ಮಾತ್ರೆ ನುಂಗಿದಳು? ಹಿಮೋಗ್ಲೋಬಿನ್ ಏರದಿದ್ದರೂ ಮಾತ್ರೆ ನುಂಗಿದ್ದು ಏರಿದ್ದರೆ, ತೊಂದರೆ ಬೇರೆಲ್ಲೋ ಇದೆ ಎಂದು ಗೊತ್ತಾಗುತ್ತದೆ. ಜಂತುಹುಳು ಇರಬಹುದು, ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುತ್ತಿರಬಹುದು, ಅವಳನ್ನು ವೈದ್ಯರಿಗೆ ತೋರಿಸಬೇಕು. ಹಾಗೆ ಕಳಿಸುವ ದಾರಿ ಯಾವುದು ಎಂದೂ ಪ್ರಪೋಸಲ್‌ನಲ್ಲಿರಲಿ.

ರಕ್ತ ಮುಟ್ಟುತ್ತೀರಿ ಎಂದ ಮೇಲೆ ಕೆಲವು ಜವಾಬ್ದಾರಿಗಳು ಬರುತ್ತವೆ. ಹದಿನೆಂಟು ತುಂಬದವಳಾದರೆ ತಾಯಿ ಅಥವಾ ತಂದೆಯ ಒಪ್ಪಿಗೆ ಬೇಕು, ಹುಡುಗಿಯದ್ದೂ ಬೇಕು. ಚುಚ್ಚಿದ ಸೂಜಿಗಳನ್ನು ಊರ ತಿಪ್ಪೆಗೆ ಎಸೆಯುವಂತಿಲ್ಲ; 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಅವು ತೂತಾಗದ ಬಿಳಿ ಡಬ್ಬಿಯಲ್ಲಿ ಸೇರಿ ವಿಲೇವಾರಿಗೆ ಹೋಗಬೇಕು. ಆ ಡಬ್ಬಿ ಯಾವ ಆರೋಗ್ಯ ಕೇಂದ್ರಕ್ಕೆ ಹೋಗುತ್ತದೆ ಎಂದು ಒಂದು ಸಾಲು ಬರೆದ ಅರ್ಜಿ ಕಂಡರೆ, ಇವರು ಕೆಲಸ ಮಾಡಿದವರು ಎಂದು ಓದುವವರಿಗೆ ತಕ್ಷಣ ತಿಳಿಯುತ್ತದೆ. ನೀವೇ ಕ್ಲಿನಿಕ್ ತೆರೆಯುವ ಯೋಚನೆ ಇದ್ದರೆ ಅದು ಬೇರೆ ದಾರಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕಾಗುತ್ತದೆ. ಮೊದಲ ಅನುದಾನದಲ್ಲಿ ಅದಕ್ಕೆ ಕೈ ಹಾಕಬೇಡಿ.

ಕಾಲದ ವಿಚಾರ ಇನ್ನೂ ಮುಖ್ಯ. ಬೆಂಗಳೂರಿನಲ್ಲಿ ಕೂತು ಮಾಡಿದ ಕೆಲಸದ ಪಟ್ಟಿಯಲ್ಲಿ ಏಪ್ರಿಲ್‌ನಲ್ಲಿ ಮೊದಲ ಅಳತೆ, ಮುಂದಿನ ಮಾರ್ಚ್‌ನಲ್ಲಿ ಕೊನೆಯ ಅಳತೆ ಎಂದಿರುತ್ತದೆ, ಆರ್ಥಿಕ ವರ್ಷಕ್ಕೆ ಸರಿಯಾಗಿ. ಆದರೆ ಆ ಭಾಗದಲ್ಲಿ ಸುಗ್ಗಿ ಮುಗಿದ ಮೇಲೆ ಮನೆಗೆ ಮನೆಯೇ ಗುಳೆ ಹೋಗುತ್ತದೆ: ಬೆಂಗಳೂರಿನ ಕಟ್ಟಡಗಳಿಗೆ, ಇನ್ನೆಲ್ಲಿಗೋ. ಮರಳುವುದು ಮುಂಗಾರಿನ ಬಿತ್ತನೆಗೆ. ನಡುವೆ ಬಂದರೆ ಊರ ಜಾತ್ರೆಗೆ, ಮೊಹರಂಗೆ. ಮಾರ್ಚ್‌ನಲ್ಲಿ ನೀವು ಯಂತ್ರ ಹಿಡಿದು ಹೋದಾಗ ಬಾಗಿಲಿಗೆ ಬೀಗ. ಆರಂಭದಲ್ಲಿ ಅಳೆದ ಹುಡುಗಿಯರಲ್ಲಿ ಅರ್ಧದಷ್ಟು ಸಿಗದೆ ಹೋದರೆ ನಿಮ್ಮ ಫಲಿತಾಂಶಕ್ಕೆ ಅರ್ಥವೇ ಇಲ್ಲ, ಯಾಕೆಂದರೆ ಉಳಿದವರು ಬಹುಶಃ ಸ್ವಲ್ಪ ಅನುಕೂಲಸ್ಥರ ಮನೆಯವರು. ಹಾಗಾಗಿ ಜುಲೈಯಲ್ಲಿ ಶುರು ಮಾಡಿ, ಮುಂದಿನ ಜುಲೈಯಲ್ಲಿ ಮುಗಿಸಿ. ಗುಳೆ ಹೊರಡುವ ಮೊದಲೇ ಮೂರು ನಾಲ್ಕು ತಿಂಗಳ ಮಾತ್ರೆಯನ್ನೂ ಒಂದು ಚೀಟಿಯನ್ನೂ ಕೈಗೆ ಕೊಡುವ ವ್ಯವಸ್ಥೆ ಬರೆಯಿರಿ. ಆರ್ಥಿಕ ವರ್ಷಕ್ಕೆ ಹೊಂದುವುದಿಲ್ಲ ಎಂದು ದಾನಿ ಕೇಳಿದರೆ ಕಾರಣ ಹೇಳಿ. ಕೇಳಿದವರಿಗೆ ಹೊಸ ವಿಷಯ ತಿಳಿದಂತಾಗುತ್ತದೆ, ನಿಮ್ಮ ಮೇಲಿನ ನಂಬಿಕೆ ಕಡಿಮೆಯಾಗುವುದಿಲ್ಲ.

ಬಜೆಟ್‌ಗೆ ಬರೋಣ. ಅರ್ಜಿ ಓದುವ ಎಷ್ಟೋ ಮಂದಿ ಮೊದಲು ತೆರೆಯುವುದು ಈ ಪುಟವನ್ನೇ. “ತಪಾಸಣೆ: 3 ಲಕ್ಷ, ಪ್ರಯಾಣ: 1 ಲಕ್ಷ” ಎಂಬ ಉಂಡೆ ಮೊತ್ತಗಳು ಇದ್ದರೆ ಪ್ರಶ್ನೆಗಳು ಶುರುವಾಗುತ್ತವೆ. ಪ್ರತಿ ಮೊತ್ತವನ್ನೂ ಬಿಡಿಸಿ. ನಿಮ್ಮ ಎಣಿಕೆಯಲ್ಲಿ 600 ಹುಡುಗಿಯರು ಸಿಕ್ಕಿದ್ದಾರೆ ಎಂದುಕೊಳ್ಳಿ. ಮೂರು ಸಲ ಅಳತೆ ಎಂದರೆ 1,800 ಪಟ್ಟಿ, ಹಾಳಾಗುವುದಕ್ಕೆ ಶೇ 5 ಸೇರಿಸಿದರೆ 1,890. ಒಂದಕ್ಕೆ ಎಷ್ಟು ಎಂದು ಮೂರು ಅಂಗಡಿಯಿಂದ ಕೊಟೇಶನ್ ತಂದು ಜೊತೆಗಿಡಿ. ಪ್ರಯಾಣ: 20 ಹಳ್ಳಿ, ತಿಂಗಳಿಗೆ ಎರಡು ಸಲ, 12 ತಿಂಗಳು, ಒಟ್ಟು 480 ಭೇಟಿ, ಹೋಗಿಬರಲು ಸರಾಸರಿ 30 ಕಿಲೋಮೀಟರ್ ಎಂದರೆ 14,400 ಕಿಲೋಮೀಟರ್, ಅದನ್ನು ಬೈಕಿನ ಕಿಲೋಮೀಟರ್ ದರದಿಂದ ಗುಣಿಸಿ. ಹೀಗೆ ಬಿಡಿಸುವಾಗ ನಿಮಗೇ ತಪ್ಪುಗಳು ಕಾಣುತ್ತವೆ. ನಾಲ್ಕು ಜನ ಕ್ಷೇತ್ರ ಕಾರ್ಯಕರ್ತೆಯರು, ಇರುವುದು ಎರಡೇ ಬೈಕು. ಉಳಿದಿಬ್ಬರು ಹೋಗುವುದು ಹೇಗೆ? ಸಂಜೆ ಹೊಲದಿಂದ ಹುಡುಗಿಯರು ಬಂದ ಮೇಲೇ ಸಭೆ ಎಂದ ಮೇಲೆ ಕಾರ್ಯಕರ್ತೆ ರಾತ್ರಿ ಎಂಟಕ್ಕೆ ಒಬ್ಬಳೇ ವಾಪಸು ಬರಬೇಕೇ? ಅದೇ ಊರಿನ ಹೆಣ್ಣುಮಗಳನ್ನೇ ಕೆಲಸಕ್ಕೆ ತೆಗೆದುಕೊಳ್ಳುವುದು ಮೇಲು ಎಂಬ ತೀರ್ಮಾನ ಎಷ್ಟೋ ಸಲ ಬಜೆಟ್ ಬರೆಯುವಾಗಲೇ ಹುಟ್ಟುತ್ತದೆ.

ಮಾತ್ರೆಗೆ ಬಜೆಟ್ ಹಾಕಬೇಡಿ, ಅದು ಸರ್ಕಾರದ್ದು. ಆದರೆ ದಾಸ್ತಾನು ಖಾಲಿಯಾದರೆ ಏನು ಮಾಡುತ್ತೀರಿ ಎಂದು ಬರೆಯಿರಿ, ಅದು ಖಾಲಿಯಾಗುವುದುಂಟು. ಸಂಬಳವನ್ನು ಬಚ್ಚಿಡಬೇಡಿ. ಸಂಬಳ ಕೇಳಿದರೆ ಸೇವಾ ಮನೋಭಾವ ಇಲ್ಲ ಎಂದುಕೊಳ್ಳುತ್ತಾರೆ ಎಂಬ ಹೆದರಿಕೆಯಿಂದ ಅದನ್ನು “ತರಬೇತಿ ವೆಚ್ಚ”ದೊಳಗೆ ತುರುಕುವ ಅಭ್ಯಾಸ ಇದೆ. ಆಡಿಟ್‌ನಲ್ಲಿ ಅದು ಹೊರಬೀಳುತ್ತದೆ, ಆಗ ಪ್ರಾಮಾಣಿಕರೂ ಕಳ್ಳರಂತೆ ನಿಲ್ಲಬೇಕಾಗುತ್ತದೆ. ಆರೋಗ್ಯದ ಕೆಲಸ ಎಂದರೆ ಮನೆಗೆ ಹೋಗುವ ಮನುಷ್ಯರ ಕೆಲಸ. ಬಜೆಟ್‌ನ ದೊಡ್ಡ ಪಾಲು ಸಂಬಳಕ್ಕೆ ಹೋಗುವುದು ಸಹಜ, ನೇರವಾಗಿ ಬರೆಯಿರಿ. ಕಚೇರಿ ಬಾಡಿಗೆ, ಲೆಕ್ಕಿಗ, ಆಡಿಟ್ ಶುಲ್ಕ ಇವನ್ನೂ ಬರೆಯಿರಿ.

ಈಗ ನಿಮ್ಮ ಮೊದಲ ಪ್ರಶ್ನೆ: ಯಾರು ಕೊಡುತ್ತಾರೆ?

ಹತ್ತಿರದಿಂದ ಶುರು ಮಾಡಿ. ಪ್ರತಿ ಗ್ರಾಮದ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿಗೆ ಅವಕಾಶ ಇದೆ. ಅದು ನಿಮಗೆ ಬರುವ ಹಣವಲ್ಲ. ಆದರೆ ಸಮಿತಿಯ ಸಭೆಯಲ್ಲಿ ಕೂತರೆ ಊರಿನ ಗುರುತು ಸಿಗುತ್ತದೆ, ಸಣ್ಣ ಕೆಲಸ ಮಾಡಿ ತೋರಿಸಬಹುದು. ಬಳ್ಳಾರಿ, ಚಿತ್ರದುರ್ಗದಂಥ ಗಣಿ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಇದೆ, ಆರೋಗ್ಯ ಅದರ ಆದ್ಯತೆಯ ವಲಯ. ಅಜೀಂ ಪ್ರೇಮ್‌ಜಿ ಫೌಂಡೇಶನ್, ಟಾಟಾ ಟ್ರಸ್ಟ್ಸ್‌ನಂಥ ದತ್ತಿ ಸಂಸ್ಥೆಗಳು ಹೆಚ್ಚಾಗಿ ದೀರ್ಘಕಾಲದ ಕೆಲಸ ನೋಡುತ್ತವೆ.

ಎಲ್ಲರ ಕಣ್ಣು ಇರುವುದು ಕಂಪನಿಗಳ ಸಿಎಸ್‌ಆರ್ ಹಣದ ಮೇಲೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಕಾಯ್ದೆಯ ಏಳನೇ ಅನುಸೂಚಿಯಲ್ಲಿ ರೋಗ ತಡೆಯುವ ಆರೋಗ್ಯ ಸೇವೆಯೂ ಅಪೌಷ್ಟಿಕತೆ ನಿವಾರಣೆಯೂ ಇವೆ, ಹಾಗಾಗಿ ನಮ್ಮ ಉದಾಹರಣೆ ಅಲ್ಲಿ ಹೊಂದುತ್ತದೆ. ತೊಡಕು ಬೇರೆಡೆ: ಕಂಪನಿ ಹೊರಗಿನ ಟ್ರಸ್ಟ್ ಮೂಲಕ ಕೆಲಸ ಮಾಡಿಸುವುದಾದರೆ ಆ ಟ್ರಸ್ಟ್‌ಗೆ ಇಂಥದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು, ಆದಾಯ ತೆರಿಗೆ ಇಲಾಖೆಯ 12ಎ ಮತ್ತು 80ಜಿ ನೋಂದಣಿ ಇರಬೇಕು, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆ ತುಂಬಿ ಸಂಖ್ಯೆ ಪಡೆದಿರಬೇಕು. ಹೋದ ವರ್ಷ ಹುಟ್ಟಿದ ಟ್ರಸ್ಟ್‌ಗೆ ಈ ಬಾಗಿಲು ತೆರೆಯುವುದಿಲ್ಲ. ವಿದೇಶಿ ಹಣದ ಬಾಗಿಲು ಇನ್ನೂ ಬಿಗಿ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು, 2020ರ ತಿದ್ದುಪಡಿಯ ನಂತರ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಪಡೆದವರು ಇನ್ನೊಂದು ಸಂಸ್ಥೆಗೆ ಅದನ್ನು ಹಂಚುವಂತಿಲ್ಲ. ಹೊಸಬರು ಸದ್ಯಕ್ಕೆ ಅದನ್ನು ಮರೆಯುವುದು ಒಳ್ಳೆಯದು.

ಹಾಗಾದರೆ ಮೊದಲ ಮೂರು ವರ್ಷ? ಊರಿನ ದಾನಿಗಳ ಸಣ್ಣ ಹಣದಲ್ಲಿ ಎರಡು ಹಳ್ಳಿಯಲ್ಲಿ ಮಾಡಿ, ಅಥವಾ ಹಳೆಯ ಸಂಸ್ಥೆಯೊಂದರ ಜೊತೆ ಸೇರಿ. ಆ ಎರಡು ಹಳ್ಳಿಯ ಲೆಕ್ಕಪತ್ರವನ್ನು ವೋಚರ್ ಸಮೇತ ಇಟ್ಟುಕೊಂಡು ಪ್ರತಿ ವರ್ಷ ಆಡಿಟ್ ಮಾಡಿಸಿ. ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ಟ್ರಸ್ಟ್ ಪತ್ರ, ಪ್ಯಾನ್, ಮೂರು ವರ್ಷದ ಆಡಿಟ್ ವರದಿ, ವಾರ್ಷಿಕ ವರದಿ, ಟ್ರಸ್ಟಿಗಳ ಪಟ್ಟಿ ಇವೆಲ್ಲ ಒಂದು ಕಡತದಲ್ಲಿ ಸದಾ ಸಿದ್ಧ ಇರಲಿ.

ಕಂಪನಿಯವರು ಶೇ 5ರ ಆಡಳಿತ ವೆಚ್ಚದ ಮಿತಿ ಎಂದು ನಿಮ್ಮ ಲೆಕ್ಕಿಗನ ಸಂಬಳವನ್ನು ಹೊಡೆದುಹಾಕಬಹುದು. ನಿಯಮದಲ್ಲಿರುವ ಆ ಮಿತಿ ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತ ವೆಚ್ಚಕ್ಕೆ ಹಾಕಿದ್ದು. ಮೆತ್ತಗೆ ಹೇಳಿ, ಜಗಳ ಬೇಡ. ಇನ್ನೊಂದು: ಫೆಬ್ರುವರಿ, ಮಾರ್ಚ್‌ನಲ್ಲಿ ಫೋನ್ ಬರುವುದುಂಟು, “ಹತ್ತು ಲಕ್ಷ ಇದೆ, 31ರೊಳಗೆ ಖರ್ಚು ಮಾಡುತ್ತೀರಾ?” ಎಂದು. ಗುಳೆಯ ಕಾಲದಲ್ಲಿ ಹತ್ತು ಲಕ್ಷವನ್ನು ಮೂರು ವಾರದಲ್ಲಿ ಒಳ್ಳೆಯದಕ್ಕೆ ಖರ್ಚು ಮಾಡಲು ಯಾರಿಂದಲೂ ಆಗುವುದಿಲ್ಲ. ಆಗುವುದು ಶಿಬಿರ, ಬ್ಯಾನರು, ಫೋಟೊ. ಬೇಡ ಎನ್ನುವುದು ಕಷ್ಟ, ಆದರೂ ಬೇಡ ಎನ್ನಿ. ಇದು ಒಂದಕ್ಕಿಂತ ಹೆಚ್ಚು ವರ್ಷದ ಯೋಜನೆ ಎಂದು ಕಂಪನಿಯ ಮಂಡಳಿ ಒಪ್ಪಿದರೆ ಉಳಿದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಮುಂದೆ ಬಳಸಲು ಕಾಯ್ದೆಯಲ್ಲೇ ದಾರಿ ಇದೆ. ಅದನ್ನು ಕೇಳಿ ನೋಡಿ.

ಪೂರ್ಣ ಪ್ರಪೋಸಲ್ ಕಳಿಸುವ ಮೊದಲು ಎರಡು ಪುಟದ ಟಿಪ್ಪಣಿ ಕಳಿಸಿ. ತಾಲ್ಲೂಕು ಆರೋಗ್ಯಾಧಿಕಾರಿಯಿಂದ, ಸಾಧ್ಯವಾದರೆ ಜಿಲ್ಲಾ ಆರೋಗ್ಯಾಧಿಕಾರಿಯಿಂದ ಒಂದು ಬೆಂಬಲ ಪತ್ರ ಪಡೆದಿಟ್ಟುಕೊಳ್ಳಿ. ಆ ಪತ್ರಕ್ಕೆ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ, ನಿಮ್ಮ ಮನೆಮನೆ ಎಣಿಕೆಯ ಒಂದು ಪ್ರತಿ ಕೊಡಿ. ಅವರ ಬಳಿ ಇಲ್ಲದ ಮಾಹಿತಿ ಅದು. ದಾನಿ ಸಂಸ್ಥೆಯವರು ಊರು ನೋಡಲು ಬರುತ್ತೇವೆಂದರೆ ಸ್ವಾಗತ ಕಮಾನು ಕಟ್ಟಿಸಬೇಡಿ, ಹಾರ ತರಿಸಬೇಡಿ. ಆಶಾ ಕಾರ್ಯಕರ್ತೆಯನ್ನು ಮಾತಾಡಲು ಬಿಡಿ, ನೀವು ಸುಮ್ಮನಿರಿ. ತಿರಸ್ಕಾರದ ಪತ್ರ ಬಂದರೆ, ಬರುವುದೇ ಹೆಚ್ಚು, ಯಾವ ಭಾಗ ದುರ್ಬಲವಾಗಿತ್ತು ಎಂದು ಒಂದು ಸಾಲಿನ ಮೇಲ್ ಹಾಕಿ ಕೇಳಿ. ಉತ್ತರ ಕೊಡುವವರು ಇದ್ದಾರೆ, ಆ ಉತ್ತರ ಮುಂದಿನ ಅರ್ಜಿಗೆ ಆಗುತ್ತದೆ.

ಮಂಜೂರಾದರೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕಂತುಗಳ ಪುಟವನ್ನು ಎರಡು ಸಲ ಓದಿ. ಹಣ ಸಾಮಾನ್ಯವಾಗಿ ಎರಡು ಮೂರು ಕಂತಿನಲ್ಲಿ ಬರುತ್ತದೆ. ಮೊದಲ ಕಂತಿನ ಇಷ್ಟು ಭಾಗ ಖರ್ಚಾಗಿ, ಹಣ ಬಳಕೆ ಪ್ರಮಾಣಪತ್ರ ಬಂದ ಮೇಲೇ ಎರಡನೆಯದು. ಆ ಪತ್ರಕ್ಕೆ ಲೆಕ್ಕ ಪರಿಶೋಧಕರ ಸಹಿ ಬೇಕಾಗುತ್ತದೆ, ಅವರ ಮುಂದೆ ಬೇರೆ ಕಡತಗಳ ರಾಶಿ ಇರುತ್ತದೆ, ಹೀಗೆ ಒಂದು ತಿಂಗಳು ತಡವಾದರೆ ಕಾರ್ಯಕರ್ತೆಯರ ಸಂಬಳ ನಿಲ್ಲುತ್ತದೆ. ಕನಿಷ್ಠ ಎರಡು ತಿಂಗಳ ಸಂಬಳದ ಹಣ ಬೇರೆ ಕಡೆಯಿಂದ ಸಿಗುವ ಹಾಗಿದ್ದರೆ ಮಾತ್ರ ಸಹಿ ಮಾಡಿ. ಒಂದು ಬಾಬಿನಲ್ಲಿ ಹಣ ಉಳಿದು ಇನ್ನೊಂದರಲ್ಲಿ ಸಾಲದೆ ಹೋದರೆ, ಖರ್ಚು ಮಾಡುವ ಮೊದಲು ದಾನಿ ಸಂಸ್ಥೆಗೆ ಬರೆದು ಒಪ್ಪಿಗೆ ಪಡೆಯಿರಿ. ಒಪ್ಪಿಗೆಯ ಆ ಮೇಲ್ ಅನ್ನು ಪ್ರಿಂಟ್ ತೆಗೆದು ವೋಚರಿನ ಜೊತೆಗೇ ಲಗತ್ತಿಸಿ.